ಮಡ್ಡಿಯ ಗಾಳಿ, ಮಗ್ಗದ ದೀಪ

"ಈ ಮಡ್ಡಿ ಗಾಳಿ ಹಿಡದು ನಿನ್ನ ಮಗ್ಗದ ಮ್ಯಾಲ ದೀಪ ಹಚ್ಚತೇನಿ. ನೋಡಕೋತ ಇರು."

ಮದುವೆಯಾದ ಹೊಸದರಲ್ಲಿ ಗೂಳಪ್ಪ ತನ್ನ ಹೆಂಡತಿ ಬೋರವ್ವನಿಗೆ ಕೊಟ್ಟ ಮಾತು ಇದು. ಆಗ ಇಬ್ಬರೂ ಎಳೆಯರು. ಈಗ ಮಗಳೇ ಗಂಡನ ಮನೆ ಸೇರಿ, ಬಸುರಿಯಾಗಿ ಕುಬಸಕ್ಕೆ ಬರುವ ಕಾಲವಾಗಿದೆ. ಚಿಮ್ಮಡ ಊರಿನ ಆಚೆ, ಹಳ್ಳ ದಾಟಿ, ಕಲ್ಲುಮಡ್ಡಿಯ ದಿಬ್ಬದ ಮೇಲಿರುವ ಅವರ ತೋಟದ ಮನೆಗೆ ಮಾತ್ರ ಕರೆಂಟಿನ ಕಂಬ ಇನ್ನೂ ಬಂದಿಲ್ಲ.

ಬೋರವ್ವ ಬನಹಟ್ಟಿಯ ನೇಕಾರರ ಮಗಳು. ತವರಿನ ಓಣಿಯಲ್ಲಿ ಹೊತ್ತು ಮುಳುಗಿದ ಮೇಲೂ ಮಗ್ಗದ ಸದ್ದು ನಿಲ್ಲುತ್ತಿರಲಿಲ್ಲ. ಆ ಸದ್ದಿಲ್ಲದೆ ಮಡ್ಡಿಯ ಮೇಲೆ ಅವಳಿಗೆ ಮೊದಮೊದಲು ನಿದ್ದೆಯೇ ಹತ್ತುತ್ತಿರಲಿಲ್ಲ. ಮಗಳ ಮುಖ ನೋಡಿ ಅಪ್ಪ ಒಂದು ಕೈಮಗ್ಗವನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದು, ಪಡಸಾಲೆಯಲ್ಲಿ ಕುಣಿ ತೋಡಿ ಹೂಡಿಕೊಟ್ಟು ಹೋಗಿದ್ದ.

ಆದರೆ ಹಗಲೆಲ್ಲ ಹೊಲ, ದನ, ಕರು. ಮಗ್ಗಕ್ಕೆ ಕೂರಲು ಬಿಡುವಾಗುವುದು ಸಂಜೆಗೆ. ಕತ್ತಲಲ್ಲಿ ಹಸಿರೆಳೆ ಯಾವುದು, ಕರಿಯೆಳೆ ಯಾವುದು? ಚಿಮ್ಮಡದಲ್ಲಿ ಚಾರ್ಜ್ ಮಾಡಿಸಿ ತಂದ ಲೈಟು ರೊಟ್ಟಿ ಬಡಿದು ಮುಗಿಸುವಷ್ಟರಲ್ಲಿ ಮಂಕಾಗುತ್ತಿತ್ತು. ಮಗಳ ಕುಬಸಕ್ಕೆಂದು ಹೂಡಿದ ಹಸಿರು ಸೀರೆ ಅರ್ಧಕ್ಕೇ ನಿಂತಿತ್ತು. ಸಂಜೆ ಬೋರವ್ವ ಕಟ್ಟೆಯ ಮೇಲೆ ಕೂತು ದೂರದ ಬನಹಟ್ಟಿಯ ದೀಪಗಳನ್ನು ನೋಡುತ್ತಿದ್ದಳು. ತೊಡೆಯ ಮೇಲಿನ ಖಾಲಿ ಕೈ ತನ್ನಷ್ಟಕ್ಕೆ ತಾನೇ ಲಾಳಿ ಎಸೆಯುತ್ತಿತ್ತು.

ಆಷಾಢದಲ್ಲಿ ಅವಳ ತಮ್ಮ ರಾಜಕುಮಾರ ಬಂದ. ಜಮಖಂಡಿಯ ಕಾಲೇಜಿನಲ್ಲಿ ವಿಜ್ಞಾನ ಕಲಿಸುವ ಅವನ ಮಗಳು ಉಜ್ವಲಾಳೂ ಜೊತೆಗಿದ್ದಳು. ಮಗ್ಗದ ಮೇಲಿನ ಧೂಳು ಒರೆಸಿ ನೋಡಿದ ರಾಜಕುಮಾರನ ಮುಖ ಸಪ್ಪಗಾಯಿತು.

"ಅಕ್ಕಾ, ನಿಂತ ಮಗ್ಗಕ್ಕ ಹುಳಾ ಹತ್ತತಾವ. ದೀಪಾವಳಿಯೊಳಗ ಬೆಳಕಾದ್ರ ಛಲೋ. ಇಲ್ಲಂದ್ರ ಬಿಚ್ಚಿ ಒಯ್ತೀನಿ. ನೇಯಾವ್ರ ಮನ್ಯಾಗರ ಇರಲಿ."

ಬೋರವ್ವ ಮಗ್ಗದ ಮೇಲೆ ಕೈ ಇಟ್ಟಳು. ಗೂಳಪ್ಪ ಎದ್ದು ನಿಂತ.

"ಒಯ್ಯೂದೇನ ಬ್ಯಾಡ ತಗೋ! ನಿನ್ನೆ ಕರೆಂಟ್ ತಗಿಯೂ ಗಾಳಿ ಫ್ಯಾನ್ ಮಾರಾವ ಬಂದಿದ್ದ. ಅಂಗಳದಾಗ ಹಿಡದು ತೋರಿಸಿದ. ಏನ್ ತಿರಗತೈತಿ ಅಂತೀ! ಹಾಲಿನ ರೊಕ್ಕ ಕೂಡಿಸಿಟ್ಟೇನಿ, ಈ ವಾರ ತರಾವನ."

"ಮಾಮಾ, ಇದು ಆಷಾಢ," ಎಂದು ಉಜ್ವಲಾ ನಕ್ಕಳು. "ಆಷಾಢದಾಗ ನಿಮ್ಮ ತಲಿ ಮ್ಯಾಲಿನ ಪಟಗಾನೂ ತಿರಗತೈತಿ. ಅದನ್ನ ನೋಡಿ ರೊಕ್ಕ ಕೊಡತೀರೇನು?"

"ಏ ಹುಡುಗಿ, ನಮ್ಮ ಮಡ್ಡಿ ಗಾಳಿ ನಿನಗೇನ ಗೊತ್ತು? ನಾ ಇಲ್ಲೇ ಹುಟ್ಟಿ ಬೆಳದಾವ."

"ಹಂಗಾರ ನೀವ ಹೇಳ್ರಿ. ಮಷಿನ್ ಬರೂಕಿಂತ ಮೊದಲ ಸುಗ್ಗಿಯಾಗ ಜ್ವಾಳ ತೂರತಿದ್ರಲ್ಲ, ಆವಾಗ ಗಾಳಿ ಹೆಂಗಿರತಿತ್ತು?"

ಗೂಳಪ್ಪ ಮೀಸೆ ತಡವಿಕೊಂಡ. ಬೋರವ್ವನಿಗೆ ನಗು ತಡೆಯಲಾಗಲಿಲ್ಲ.

"ನಾ ಹೇಳತೇನಿ ತಗೋ. ಮಾವನವ್ರು ಕಣದಾಗ ಬುಟ್ಟಿ ಎತ್ತಿ ಹಿಡದು 'ಬಾರೋ ನಮ್ಮಪ್ಪಾ, ಬಾರೋ' ಅಂತ ಗಾಳಿ ಕರದು ಕರದು ಗಂಟಲಾ ಹರಕೊಂತಿದ್ರು. ಬುತ್ತಿ ತಂದ ನನ್ನ ಮ್ಯಾಲ ಸಿಟ್ಟಾಗತಿದ್ರು, ಗಾಳಿನ ನಾನ ಕಟ್ಟಿ ಹಾಕೀನಿ ಅನ್ನೂಹಂಗ."

ನಗುತ್ತಲೇ ಅವಳಿಗೆ ತವರಿನ ಓಣಿ ನೆನಪಾಯಿತು. "ನಮ್ಮ ಕಡೇನೂ ಹಂಗ. ಓಣ್ಯಾಗ ಸೀರಿ ಉದ್ದೆಳಿ ಹಾಸು ಚಾಚಿ ಎಳಿಗೆ ಗಂಜಿ ಹಚ್ಚಬೇಕಂದ್ರ ಗಾಳಿ ಇರಬಾರದು. ಆಷಾಢದಾಗ ಅಪ್ಪ ಗಾಳಿಗೆ ಬೈಕೋತ ಮನ್ಯಾಗ ಕೂಡತಿದ್ದ. ದಸರಾ ಆತಂದ್ರ ಓಣಿ ತುಂಬ ಹಾಸು. ಶಿವರಾತ್ರಿ ತನಕ ಒಂದ ಎಳಿ ಅಳಗಾಡತಿದ್ದಿಲ್ಲ."

ಹೇಳಿ ಮುಗಿಸಿದ ಮೇಲೆ ಅವಳಿಗೆ ತಾನು ಏನು ಹೇಳಿದೆನೆಂಬುದು ಅರಿವಾಯಿತು. ಇಷ್ಟು ವರ್ಷ ಯಾವ ಗಾಳಿಯ ಮೇಲೆ ಆಸೆ ಇಟ್ಟುಕೊಂಡು ಕೂತಿದ್ದಳೋ, ಅದು ವರ್ಷದ ಅರ್ಧ ಕಾಲ ಬರುವುದೇ ಇಲ್ಲವೆಂದು ಅವಳ ಬಾಯೇ ಹೇಳಿತ್ತು. ಗಂಡನ ಮುಖ ನೋಡಲಾಗದೆ ಸೆರಗು ಸರಿಮಾಡಿಕೊಂಡಳು.

"ಬ್ಯಾರೆ ತಿಂಗಳ ಗಾಳಿ ಕಡಿಮಿ ಇದ್ದೀತು, ಇಲ್ಲ ಅನ್ನಂಗಿಲ್ಲ," ಗೂಳಪ್ಪ ಪಟ್ಟು ಬಿಡಲಿಲ್ಲ. "ಗಾಳಿ ಅರ್ಧ ಆದ್ರ ಕರೆಂಟ್ ಅರ್ಧ ಬಂದೀತು. ಅಷ್ಟರಾಗ ದೀಪ ಹತ್ತತೈತಿ."

"ಅಲ್ಲೇ ತಪ್ಪತಾರ ಮಾಮಾ ಎಲ್ಲಾರೂ. ಗಾಳಿ ಅರ್ಧಕ್ಕ ಇಳದ್ರ ರೂಪಾಯಿಗೆ ಎಂಟಾಣೆ ಬರಂಗಿಲ್ಲ, ಎರಡಾಣೆ ಬರತೈತಿ. ಎಂಟರಾಗ ಒಂದು ಪಾಲು ಅಷ್ಟ. ಮ್ಯಾಲ ನಿಮ್ಮ ಮನಿ ಮುಂದ ಈ ಬೇವಿನ ಗಿಡ. ಫ್ಯಾನು ಗಿಡಕ್ಕಿಂತ ಮೂವತ್ತು ಫೂಟರ ಮ್ಯಾಲ ಇರಬೇಕು. ಅಷ್ಟು ಎತ್ತರದ ಕಂಬಕ್ಕ ಫ್ಯಾನಿನಕಿಂತ ಜಾಸ್ತಿ ಖರ್ಚ ಬಂದೀತು. ಬೇರಿಂಗ್ ಸವದ್ರ ಹತ್ತಾವ್ರ್ಯಾರು, ನೀವೋ, ಅತ್ತಿನೋ?"

"ನಿನ್ನ ಅತ್ತಿನ್ನ ಹತ್ತಸ್ತೇನಿ. ಕೆಳಗ ನಿಂತು ನಾ ಬೈತೇನಿ," ಎಂದ ಗೂಳಪ್ಪ. ಎಲ್ಲರೂ ನಕ್ಕರು. ಆದರೂ ಅವನ ಮನಸ್ಸು ಒಪ್ಪಲಿಲ್ಲ.

"ನನ್ನ ಮಾತ ಬ್ಯಾಡ," ಎಂದಳು ಉಜ್ವಲಾ. "ಗಿಡಕ್ಕಿಂತ ಎತ್ತರಕ್ಕ ಒಂದು ಗಳಾ ನಿಲ್ಲಿಸಿ ತುದಿಗೆ ಅರಬಿ ಚೂರು ಕಟ್ರಿ. ದಿನಾ ನೋಡ್ರಿ. ಮತ್ತ ಫ್ಯಾನ್ ಹಾಕಿದಾವ್ರ ಮನಿಗೂ ಒಂದ ಸಲ ಹೋಗಿ ಬರ್ರಿ."

ಬೋರವ್ವ ತನ್ನ ಮದುವೆಯ ಸೀರೆಯ ಹರಿದ ಸೆರಗಿನ ಕೆಂಪು ಚೂರನ್ನೇ ಗಳದ ತುದಿಗೆ ಕಟ್ಟಿದಳು. ಆಷಾಢದಲ್ಲಿ ಅದು ಪಟಪಟ ಹೊಡೆದುಕೊಂಡಿತು. ಅವಳು ಮುಸುರೆ ತಿಕ್ಕುತ್ತಲೂ ಅದನ್ನೇ ನೋಡುತ್ತಿದ್ದಳು. ಶ್ರಾವಣ ಕಳೆದ ಮೇಲೆ ಅದರ ಸದ್ದು ಕಡಿಮೆಯಾಯಿತು. ದಸರೆಯ ಹೊತ್ತಿಗೆ ಅದು ಕರುವಿನ ಕಿವಿಯ ಹಾಗೆ ಜೋತುಬಿದ್ದಿತ್ತು. ಹೊಡೆದುಕೋ, ಒಂದು ಸಲವಾದರೂ ಹೊಡೆದುಕೋ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು.

ಬನ್ನಿ ಕೊಟ್ಟು ಬರುವ ನೆಪದಲ್ಲಿ ಗೂಳಪ್ಪ ಹೆಂಡತಿಯೊಂದಿಗೆ ಗಲಗಲಿಯ ಗೆಳೆಯ ಸಿದ್ದಾರೂಢನ ಮನೆಗೆ ಹೋದ. ಅವನ ಮಾಳಿಗೆಯ ಮೇಲೆ ಸಣ್ಣ ಗಾಳಿಯಂತ್ರವಿತ್ತು. ಅದರ ರೆಕ್ಕೆಯ ಮೇಲೆ ಕಾಗೆ ಕೂತಿತ್ತು.

"ತಿರಗಂಗಿಲ್ಲೇನೋ?" ಗೂಳಪ್ಪ ಕೇಳಿದ.

"ತಿರಗತೈತಿ. ಆಷಾಢದಾಗ ಬಾ. ಮಾಳಗಿ ಗಡಗಡ ನಡಗತೈತಿ, ಮನಿ ಮಂದಿ ಹೊರಗ ಮಲಗತೇವಿ. ಈಗ ನೋಡು, ಕಾಗಿ ಕುಂತರೂ ಅಳಗಾಡಂಗಿಲ್ಲ. ಈ ಓಣ್ಯಾಗ ಸುತ್ತೂ ಮನಿ, ಗಾಳಿಗೆ ದಾರಿನ ಇಲ್ಲ. ನಾ ತಂದ ಮ್ಯಾಲ ಕೇಳಿದೆ, ನೀ ತರೂಕಿಂತ ಮೊದಲ ಕೇಳಾಕ ಬಂದಿ. ಶಾಣ್ಯಾ ಇದ್ದಿ."

ಮರಳಿ ಬರುವಾಗ ಬಸ್ಸಿನಲ್ಲಿ ಗೂಳಪ್ಪ ಕಿಟಕಿಯ ಹೊರಗೇ ನೋಡುತ್ತಿದ್ದ.

"ನಿನಗ ಮಾತ ಕೊಟ್ಟಿದ್ದೆ ಬೇ," ಎಂದ.

"ಮಗ್ಗಕ್ಕ ಬೇಕಾಗಿದ್ದು ಬೆಳಕರಿ," ಎಂದಳು ಬೋರವ್ವ. "ಅದು ಎಲ್ಲಿಂದ ಬಂದ್ರ ಏನು?"

ಉಜ್ವಲಾಳಿಗೆ ಫೋನ್ ಹೋಯಿತು. ಬಿಸಿಲಿನಿಂದ ಕರೆಂಟ್ ಕೊಡುವ ಸೋಲಾರ್ ಹಾಕಿಸಿ ಎಂದಳು ಅವಳು. "ಸೋಲಾರ್ ಅಂತೀ ಖರೆ, ಮಳಿಗಾಲದಾಗ ನಿನ್ನ ಸೂರ್ಯ ರಜಾ ಹಾಕಿದ್ರ?" ಎಂದು ಗೂಳಪ್ಪ ಕೊನೆಯದಾಗಿ ಕೆಣಕಿದ.

"ಪೂರ್ತಿ ರಜಾ ಹಾಕಂಗಿಲ್ಲ ಮಾಮಾ. ಮೋಡ ಇದ್ದರೂ ಅಷ್ಟಿಷ್ಟು ಬರತೈತಿ. ಎರಡು ಮೂರು ದಿನಾ ತಡಿಯೂವಂಥಾ ಬ್ಯಾಟರಿ ಹಾಕಸ್ರಿ. ನಿಮ್ಮದು ಕೈಮಗ್ಗ, ಅದಕ್ಕ ಕರೆಂಟ್ ಬ್ಯಾಡ. ಎಲ್‌ಇಡಿ ದೀಪ, ಫೋನ್ ಚಾರ್ಜ್, ಇಷ್ಟಕ್ಕ ಸಣ್ಣ ಪ್ಲೇಟ್ ಸಾಕು. ಬೇವಿನ ಗಿಡದ ನೆರಳು ಬೀಳದಂಗ ಹಾಕಸ್ರಿ, ಧೂಳ ಒರಸ್ರಿ. ಮುಂದ ರೊಕ್ಕ ಮಿಕ್ಕು, ಆಷಾಢಕ್ಕ ಸಾಲದಂದ್ರ ಆವಾಗ ಫ್ಯಾನಿನ ಮಾತ ತಗೀರಿ."

ದೀಪಾವಳಿಯ ಪಾಡ್ಯದ ದಿನ ರಾಜಕುಮಾರ, ಬೆಳಕು ಇನ್ನೂ ಆಗಿರಲಾರದೆಂದು, ಮಗ್ಗ ಒಯ್ಯಲು ಟಂಟಂ ಗಾಡಿ ಮಾಡಿಕೊಂಡೇ ಬಂದ. ಹೊತ್ತು ಮುಳುಗಿತ್ತು. ಹಳ್ಳ ದಾಟುವಾಗಲೇ ಅವನಿಗೆ ಸದ್ದು ಕೇಳಿಸಿತು. ಚಿಕ್ಕಂದಿನಿಂದ ಕೇಳಿದ ಸದ್ದು. ಟಂಟಂ ಅಲ್ಲೇ ನಿಲ್ಲಿಸಿ, ಕೆಳಗಿಳಿದು ಮನೆಯತ್ತ ನಡೆದ.

ಒಳಗೆ ಮಗ್ಗದ ಮೇಲೆ ಸೋಲಾರಿನ ಬಿಳಿ ದೀಪ ತೂಗುತ್ತಿತ್ತು. ಬೋರವ್ವ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಹಸಿರು ಸೀರೆಗೆ ಸೆರಗು ಏರುತ್ತಿತ್ತು. ಗೂಳಪ್ಪ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದ. ಅಂದೇ, ಎಲ್ಲಿತ್ತೋ, ಮಡ್ಡಿಯ ಮೇಲಿಂದ ಒಂದಿಷ್ಟು ಗಾಳಿ ಬೀಸಿ ಬಂತು.

"ಬಾಗಲಾ ಮುಚ್ಚರಿ," ಎಂದಳು ಬೋರವ್ವ, ತಲೆ ಎತ್ತದೆ. "ಗಾಳಿಗೆ ಎಳಿ ಹರೀತಾವ."

ಓದುವ ಅಕ್ಕಂದಿರೆ, ಅಣ್ಣಂದಿರೆ, ಕಂಬ ಬಾರದ ಮನೆಯಲ್ಲಿ ಬೆಳಕಿಗಾಗಿ ಕಾಯುವ ಸಂಕಟ ನಿಮಗೂ ಗೊತ್ತು. ಗಾಳಿಯಂತ್ರ ಕೆಟ್ಟದ್ದಲ್ಲ. ವರ್ಷವಿಡೀ ಜೋರು ಗಾಳಿ ಬೀಸುವ ಬೋಳು ಗುಡ್ಡ, ಎತ್ತರದ ಕಂಬ, ಕೂಗಿದರೆ ಬರುವ ರಿಪೇರಿಯವರು ಇದ್ದಲ್ಲಿ ಅದು ಕೈ ಹಿಡಿದೀತು. ಆದರೆ ಒಂದು ತಿಂಗಳ ಗಾಳಿ ನೋಡಿ ಕೂಡಿಟ್ಟ ದುಡ್ಡು ಕೊಡಬೇಡಿ. ಮೊದಲು ಗಳ ನಿಲ್ಲಿಸಿ, ಬಟ್ಟೆ ಕಟ್ಟಿ, ಕಾಲ ಕಾಲಕ್ಕೆ ನೋಡಿ. ಹಾಕಿಸಿದವರನ್ನು ಅವರ ಮನೆಗೇ ಹೋಗಿ ಕೇಳಿ. ಮನೆಯ ಹಿರಿಯರನ್ನು, ಕಣದಲ್ಲಿ ತೂರಿದವರನ್ನು, ಓಣಿಯಲ್ಲಿ ಹಾಸು ಚಾಚಿದವರನ್ನು ಕೇಳಿ. ನಿಮ್ಮೂರಿನ ಗಾಳಿ ಅವರಿಗೆ ಗೊತ್ತು. ದೀಪ, ಫೋನಿನಂಥ ಸಣ್ಣ ಅಗತ್ಯಕ್ಕೆ ನಮ್ಮ ಕಡೆಯ ಬಿಸಿಲು ಸಾಕು.

ಗಾಳಿ ಹಿಡಿದು ದೀಪ ಹಚ್ಚುವೆನೆಂದು ಗೂಳಪ್ಪ ಕೊಟ್ಟ ಮಾತು ನಡೆಯಲಿಲ್ಲ. ಮಗ್ಗದ ಮೇಲೆ ದೀಪ ಉರಿಯುತ್ತಿದೆ.