ಮೂರನೆಯ ಕಾರಣ

ಟ್ರಾನಿ ಊರಿನ ಕಡಲ ಕಾಯಿದೆಗೆ ಒಂಬೈನೂರ ಐವತ್ತು ವರ್ಷ ತುಂಬಿತೆಂದು ನೌಕಾಪಡೆಯ ಹಡಗೊಂದು ಬಂದರಿಗೆ ಬಂದಿತ್ತು. ಕಾಯಿದೆ ಓದಲು ಹಡಗಿನಲ್ಲಿರುವ ನಮ್ಮೂರಿನವನೇ ಆಗಬೇಕು ಎಂದು ಪುರಸಭೆಯವರು ಹಟ ಹಿಡಿದರು. ಅದು ಆ ಹಡಗಿನ ಅಧಿಕಾರಿ ಕಟಾಲ್ಡೊನ ಕೊರಳಿಗೆ ಬಿತ್ತು. ಬೇರೆಯವನಾಗಿದ್ದರೆ ಉಬ್ಬಿಹೋಗುತ್ತಿದ್ದ. ಇವನಿಗೆ ಮೂರು ದಿನದಿಂದ ಊಟ ಸೇರಿರಲಿಲ್ಲ.

ಓದಬೇಕಿದ್ದ ವಿಧಿಯೇ ಅಂಥದು. ಒಪ್ಪಿಕೊಂಡ ಹಡಗನ್ನು ನಾವಿಕ ಮೂರೇ ಕಾರಣಕ್ಕೆ ಬಿಡಬಹುದು: ಇನ್ನೊಂದು ಹಡಗಿಗೆ ಯಜಮಾನನಾದರೆ, ಚುಕ್ಕಾಣಿಗನಾದರೆ, ಇಲ್ಲವೇ ಸಂತನ ಕ್ಷೇತ್ರಕ್ಕೆ ಯಾತ್ರೆಯ ಹರಕೆ ಹೊತ್ತಿದ್ದರೆ. ಹತ್ತೊಂಬತ್ತು ವರ್ಷದ ಹಿಂದೆ, ಮೀನಿನ ದೋಣಿ ಹೊರಡುವ ಬೆಳಗ್ಗೆ, ಕಟಾಲ್ಡೊ ಆ ಮೂರನೆಯದನ್ನೇ ಹೇಳಿ ಇಳಿದಿದ್ದ. ಹರಕೆಯೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಹೋದದ್ದು ಟಾರಂಟೊಗೆ, ನೌಕಾಪಡೆಯ ಪರೀಕ್ಷೆಗೆ. ಪರೀಕ್ಷೆ ಎಂದಿದ್ದರೆ ದೋಣಿಯವರು ಬಿಡುತ್ತಿರಲಿಲ್ಲ. ಹರಕೆಗೆ ಅಡ್ಡ ಬರುವ ಧೈರ್ಯ ಆ ಬಂದರಿನಲ್ಲಿ ಯಾರಿಗಿದೆ? ಅವನ ಜಾಗದಲ್ಲಿ, ಬಲೆ ಎಳೆಯುವ ಯಂತ್ರದ ಹತ್ತಿರ, ಅದೇ ದೋಣಿಯ ಸವೀನೊ ನಿಂತ. ಅವತ್ತೇ ಹಗ್ಗದ ಜೊತೆ ಅವನ ಬಲಗೈಯೂ ಯಂತ್ರದೊಳಗೆ ಹೋಯಿತು.

ಆರು ತಿಂಗಳ ಮೇಲೆ ಕಟಾಲ್ಡೊ ನೌಕಾಪಡೆ ಸೇರಿದಾಗ ಊರವರು ಹರಕೆಯ ಫಲ ಎಂದರು. ಅವನು ಅಲ್ಲವೆನ್ನಲಿಲ್ಲ. ರಜೆಗೆ ಬಂದಾಗಲೆಲ್ಲ ಬಂದರಿನ ದಾರಿ ತಪ್ಪಿಸಿಯೇ ಓಡಾಡಿದ.

ಇವತ್ತು ಸವೀನೊ ಸಭೆಯ ಮುಂದಿನ ಸಾಲಿನಲ್ಲೇ ಕೂತಿದ್ದ, ಅಂಗಿಯ ಖಾಲಿ ಬಲತೋಳಿನ ತುದಿಯನ್ನು ಮಡಿಚಿ ಪಿನ್ನು ಹಾಕಿಕೊಂಡು. ಕಟಾಲ್ಡೊ ಮೊದಲ ಕಾರಣ ಓದಿದ, ಎರಡನೆಯದನ್ನು ಓದಿದ, ಹಾಳೆ ಮಡಿಚಿಬಿಟ್ಟ.

“ಸಾಹೇಬ್ರೇ, ಮೂರನೇದನ್ನ ನುಂಗಿಬಿಟ್ರಲ್ಲ,” ಎಂದ ಸವೀನೊ. “ಶಾಲೇಲಿ ನಾವೂ ಬಾಯಿಪಾಠ ಮಾಡಿದೀವಿ.”

ಜನ ನಕ್ಕರು. ವೇದಿಕೆಯ ಮೇಲಿದ್ದ ಅಡ್ಮಿರಲ್ಲೂ ನಕ್ಕರು. ಕಟಾಲ್ಡೊ ಹಾಳೆ ಬಿಡಿಸಿ ಮೂರನೆಯದನ್ನೂ ಓದಿದ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬೇಕೆಂದಾಗ ಅದು ಯಾವತ್ತು ಬಾಯಿಬಿಟ್ಟಿದೆ?

ಸಭೆ ಮುಗಿದದ್ದೇ ಸವೀನೊ ಬಂದು ಎಡಗೈಯನ್ನು ಅವನ ಹೆಗಲಿಗೆ ಹಾಕಿದ. ಹೆಂಡತಿಯನ್ನು ಕರೆದ.

“ಇವನೇ ಕಣೇ, ಹರಕೆ ಹುಡುಗ. ಅವತ್ತು ಇವನನ್ನ ತಡೆದಿದ್ರೆ ದೋಣೀನೇ ಮುಳುಗ್ತಿತ್ತು. ಸಂತ ನನ್ನ ಕೈ ಒಂದನ್ನೇ ತಗೊಂಡು ಸುಮ್ಮನಾದ.”

ಅಯ್ಯೋ, ಇದನ್ನೇ ನಂಬಿ ಹತ್ತೊಂಬತ್ತು ವರ್ಷ ಒಂದೇ ಕೈಯಲ್ಲಿ ರೊಟ್ಟಿ ಮುರಿದಿದ್ದಾನೆ. ತಾನು ಬಾಯಿ ಮುಚ್ಚಿಕೊಂಡಿದ್ದರೆ ಅವನು ಇನ್ನೂ ನಂಬಿಕೊಂಡಿರುತ್ತಾನೆ. ಆದರೆ ಅದು ದಯೆಯಲ್ಲ, ಹೇಡಿತನ ಎಂದು ಕಟಾಲ್ಡೊಗೆ ಚೆನ್ನಾಗಿ ಗೊತ್ತಿತ್ತು. ನಾಚಿಕೆಯಿಂದ ಅವನ ಕಿವಿಗಳು ಸುಡುತ್ತಿದ್ದವು.

“ಸವೀನಣ್ಣ, ನಂಗೆ ಯಾವ ಹರಕೇನೂ ಇರ್ಲಿಲ್ಲ. ಪರೀಕ್ಷೆಗೆ ಹೋಗಿದ್ದೆ.”

“ಯಾವ ಪರೀಕ್ಷೆ?”

“ಇದೇ. ನೌಕಾಪಡೇದು.”

ಸವೀನೊ ಹೆಗಲ ಮೇಲಿನ ಕೈ ತೆಗೆದ. ಬಿಳಿ ಸಮವಸ್ತ್ರದ ಗುಂಡಿಗಳನ್ನು ಮೇಲಿಂದ ಕೆಳಗಿನವರೆಗೆ ನೋಡಿದ.

“ಹಾಗಾದ್ರೆ ಸಂತನಿಗಲ್ಲ ಅನ್ನು. ನನ್ನ ಕೈ ಹೋಗಿದ್ದು ಈ ಅಂಗಿಗೆ.”

ಹೆಂಡತಿಯನ್ನು ಕರೆದುಕೊಂಡು ಹೊರಟುಹೋದ. ಅವಳು ಒಮ್ಮೆ ತಿರುಗಿ ನೋಡಿದಳು. ಕಟಾಲ್ಡೊ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ತಲೆ ಎತ್ತಲಾಗಲಿಲ್ಲ.