ಗಂಡನ ಮೈಮೇಲೆ ಬರೆದ ಪಾಠ

ಮೂವತ್ತೈದು ದಾಟಿದ ಮೇಲೆ ಆಕೆ ನರ್ಸ್ ಕೆಲಸ ಬಿಟ್ಟು ಡಾಕ್ಟರಿಕೆ ಓದಲು ಸೇರಿದಳು. ಮೊದಲ ದಿನ ತರಗತಿಯ ಹುಡುಗ ಹುಡುಗಿಯರೆಲ್ಲ ಟೀಚರ್ ಬಂದರೆಂದು ಎದ್ದು ನಿಂತರು. ಆಕೆ ಹಿಂದಿನ ಬೆಂಚಿಗೆ ಹೋಗಿ ಕೂತದ್ದೇ ತಡ, ನಗುವೋ ನಗು. ಅಂದಿನಿಂದ ಆಕೆ ಎಲ್ಲರಿಗೂ ‘ದೊಡ್ಡಕ್ಕ’.

ಆದರೆ ಮೊದಲ ಪರೀಕ್ಷೆಯಲ್ಲೇ ಅಂಗರಚನಾಶಾಸ್ತ್ರ ಕೈಕೊಟ್ಟಿತು. ಇವತ್ತು ಓದಿದ್ದು ನಾಳೆಗೆ ಮಂಗಮಾಯ. ಪುಸ್ತಕದಲ್ಲಿ ಕಾಣುವ ಪಿತ್ತಜನಕಾಂಗ ಮನುಷ್ಯನ ಮೈಯಲ್ಲಿ ಎಲ್ಲಿಂದ ಎಲ್ಲಿಯವರೆಗೆ ಎಂದು ಕೇಳಿದರೆ ಕಕ್ಕಾಬಿಕ್ಕಿ.

"ಬಿಟ್ಬಿಡ್ತೀನಿ. ನನ್ನ ತಲೆಗೆ ಹತ್ತಲ್ಲ," ಎಂದಳು ಗಂಡನಿಗೆ.

ಅವನು ಲಾರಿ ಡ್ರೈವರ್. ಅಂಗಿ ಬಿಚ್ಚಿ ಚಾಪೆಯ ಮೇಲೆ ಅಂಗಾತ ಮಲಗಿದ. "ದಾರಿ ಗೊತ್ತಾಗದಿದ್ರೆ ನಕ್ಷೆ ಬರ್ಕೋಬೇಕು. ತಗೋ, ಬರಿ."

ಆಕೆ ನೀಲಿ ಪೆನ್ನು ಹಿಡಿದಳು.

"ಅಲ್ಲಾಡ್ಬೇಡಿ! ಶ್ವಾಸಕೋಶ ಸೊಟ್ಟ ಆಯ್ತು!"

"ಕಚಗುಳಿ ಆದ್ರೆ ನಾನೇನು ಮಾಡ್ಲಿ?"

ಅತ್ತೆ ಬಂದು ಬಗ್ಗಿ ನೋಡಿದರು. "ಒಂಬತ್ತು ತಿಂಗಳು ಹೊತ್ತವಳು ನಾನು. ಇವನೊಳಗೆ ಇಷ್ಟೆಲ್ಲಾ ಇಟ್ಟಿದ್ದೀನಿ ಅಂತ ಗೊತ್ತೇ ಇರ್ಲಿಲ್ಲ ಕಣೇ!"

ಎಷ್ಟು ತಿಕ್ಕಿದರೂ ಶಾಯಿ ಹೋಗಲಿಲ್ಲ. ಮರುದಿನವೇ ಅವನಿಗೆ ಲೈಸೆನ್ಸ್ ನವೀಕರಣದ ಆರೋಗ್ಯ ತಪಾಸಣೆ. ಅಂಗಿ ಎತ್ತಿದ ವಯಸ್ಸಾದ ಡಾಕ್ಟರಮ್ಮ ಸ್ಟೆಥಾಸ್ಕೋಪ್ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಯಾರಪ್ಪಾ ಬರೆದದ್ದು?"

"ನನ್ನ ಹೆಂಡ್ತಿ, ಡಾಕ್ಟ್ರೇ. ಮೊದಲನೇ ವರ್ಷ ಓದ್ತಿದ್ದಾಳೆ."

"ಹೃದಯ ಸರಿಯಾದ ಜಾಗದಲ್ಲೇ ಇದೆ. ಪಿತ್ತಜನಕಾಂಗ ಮಾತ್ರ ಸ್ವಲ್ಪ ಕೆಳಗೆ ಜಾರಿದೆ." ಕೆಂಪು ಪೆನ್ನಿನಿಂದ ತಿದ್ದಿ, ಪಕ್ಕದಲ್ಲಿ ‘ಭೇಷ್’ ಎಂದು ಬರೆದು ಕಳಿಸಿದರು.

ಬೆವರಿಗೆ ಆ ಕೆಂಪು ಶಾಯಿ ಅಳಿಸೀತೆಂದು ಅವನು ದಾರಿಯುದ್ದಕ್ಕೂ ಅಂಗಿಯನ್ನು ಮೈಗೆ ತಾಗದಂತೆ ಹಿಡಿದುಕೊಂಡೇ ಮನೆಗೆ ಬಂದ. ಆ ‘ಭೇಷ್’ ನೋಡಿ ಆಕೆಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಬಿಡುವ ಮಾತು ಮತ್ತೆ ಎತ್ತಲಿಲ್ಲ.

ಸುದ್ದಿ ತರಗತಿಗೆಲ್ಲ ಹಬ್ಬಿತು. ರಜೆ ಬಂತೆಂದರೆ ಹುಡುಗರ ದಂಡು ಮನೆಗೆ. ಅವನು ನಡುಮನೆಯಲ್ಲಿ ಮಲಗಿ ಗೊರಕೆ ಹೊಡೆಯುತ್ತಿದ್ದರೆ, ಸುತ್ತ ಕೂತವರು ಸ್ನಾಯುಗಳ ಹೆಸರು ಹೇಳಿ ಜಗಳವಾಡುತ್ತಿದ್ದರು. ಅತ್ತೆ ಚಹಾ ಸುರಿದು ಸುರಿದು ಕೊಡುತ್ತಾ, ತಪ್ಪು ಹೇಳಿದವರಿಗೆ ಬಿಸ್ಕತ್ತು ಇಲ್ಲವೆಂದು ಹೆದರಿಸುತ್ತಿದ್ದರು.

ವರ್ಷದ ಕೊನೆಯಲ್ಲಿ ಫಲಿತಾಂಶ ಬಂದಾಗ ಅವನು ದೂರದ ಗೋದಾಮಿನಲ್ಲಿ ಸಿಮೆಂಟ್ ಇಳಿಸುತ್ತಿದ್ದ. ಫೋನಿನಲ್ಲಿ ಬರೀ ಗದ್ದಲ.

"ಏನು? ಕೇಳಿಸ್ತಿಲ್ಲ!"

"ಪಾಸು ಕಣ್ರೀ! ಎಲ್ಲದರಲ್ಲೂ ಪಾಸು!"

ಅವನು ಲಾರಿ ಹತ್ತಿ, ಹಾರನ್ ಒತ್ತಿ ಹಿಡಿದ. ಹಮಾಲರು ಮೂಟೆ ಇಳಿಸಿ, ಯಾಕೆಂದು ತಿಳಿಯದಿದ್ದರೂ ಚಪ್ಪಾಳೆ ತಟ್ಟಿದರು.