ದಾಖಲೆಗೆ ಸೇರಿದ ಮಾತು

"ಗಂಡ ನಿಮ್ಮನ್ನು ಹೊರಗೆ ತಳ್ಳಿ ಬಾಗಿಲು ಹಾಕಿಕೊಂಡರು ಅಂತ ಅರ್ಜಿಯಲ್ಲಿ ಬರೆದಿದ್ದೀರಿ. ಅದು ನಿಜವೇ?" ದುಷ್ಯಂತನ ವಕೀಲರು ಇಂಗ್ಲಿಷಿನಲ್ಲಿ ಕೇಳಿದರು.

ಶ್ರಾವಣಿ ಬಾಯಿ ತೆರೆಯುವಷ್ಟರಲ್ಲಿ, ಎದುರಿಗೆ ಕೂತಿದ್ದ ದುಷ್ಯಂತ್ ನೀರಿನ ಲೋಟ ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ಕನ್ನಡದಲ್ಲಿ ಮೆಲ್ಲಗೆ ಅಂದ: "ನಾನೇ ಬಿಟ್ಟು ಹೋದೆ ಅಂತ ಹೇಳು. ಅನಿಕಾ ಪಾಸ್‌ಪೋರ್ಟ್ ನನ್ನ ಹತ್ರಾನೇ ಇದೆ. ನಾನು ಅವಳನ್ನ ಬೆಂಗಳೂರಿಗೆ ಕರ್ಕೊಂಡ್ ಹೋದ್ರೆ ಮಗಳ ಮುಖ ಮತ್ತೆ ನೋಡಲ್ಲ ನೀನು."

ಮೇಜಿನ ತುದಿಯಲ್ಲಿ ಸ್ಟೆನೋ ಯಂತ್ರದ ಮುಂದೆ ಕೂತಿದ್ದ ಸುಮೇಧಾಳ ಬೆರಳುಗಳು ನಿಲ್ಲಲಿಲ್ಲ. ಆ ಯಂತ್ರ ಬರೆದುಕೊಳ್ಳುವುದು ಅಕ್ಷರವನ್ನಲ್ಲ, ಸದ್ದನ್ನು. ಕನ್ನಡದ ಸದ್ದುಗಳೂ ಒಂದೊಂದಾಗಿ ಒಳಗೆ ಬಿದ್ದವು.

"ನಾನೇ ಬಿಟ್ಟು ಹೋದೆ," ಎಂದಳು ಶ್ರಾವಣಿ, ಇಂಗ್ಲಿಷಿನಲ್ಲಿ. ಪಕ್ಕದಲ್ಲಿದ್ದ ಅವಳ ವಕೀಲೆ ಬೆಚ್ಚಿ ಅವಳ ಕಡೆ ತಿರುಗಿದಳು.

ವಿಚ್ಛೇದನದ ಮೊಕದ್ದಮೆ ಕೋರ್ಟಿಗೆ ಹೋಗುವ ಮೊದಲು ವಕೀಲರ ಕಚೇರಿಯಲ್ಲೇ ಪ್ರಮಾಣ ಮಾಡಿಸಿ ಹೇಳಿಕೆ ತೆಗೆದುಕೊಳ್ಳುತ್ತಾರೆ. ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಈ ಕೋಣೆಗೆ ಸುಮೇಧಾ ಎಷ್ಟೋ ಸಲ ಬಂದಿದ್ದಳು. ಕೋಣೆಯಲ್ಲಿ ಆಡಿದ್ದನ್ನೆಲ್ಲ ಬರೆದುಕೊಳ್ಳುವುದು, ಯಾರ ಪರವೂ ವಹಿಸದಿರುವುದು ಅವಳ ಕೆಲಸ. ಅವಳ ಕಾರ್ಡಿನಲ್ಲಿದ್ದದ್ದು ಮುರಿದುಹೋದ ಮದುವೆಯಿಂದ ಉಳಿದ ಮೆಹ್ತಾ ಎಂಬ ಹೆಸರು. ಈಕೆ ಮೈಸೂರಿನವಳೆಂದು ದುಷ್ಯಂತನಿಗೆ ಹೇಗೆ ಹೊಳೆದೀತು?

ಹ್ಯೂಸ್ಟನ್ನಿನಲ್ಲಿ ಅವಳದೇ ವಿಚ್ಛೇದನ ನಡೆದಾಗ ಅಲ್ಲಿನ ಗೆಳತಿಯರು ಫೋನ್ ಎತ್ತುವುದನ್ನೇ ಬಿಟ್ಟಿದ್ದರು. ಅಂದು ಕೋರ್ಟಿನಲ್ಲಿ ಬೆಳ್ಳಿಗೂದಲ ಹೆಂಗಸೊಬ್ಬಳು ಅವಳಾಡಿದ ಮಾತನ್ನೆಲ್ಲ ಒಂದೂ ಬಿಡದೆ ಬರೆದುಕೊಂಡಳು. ಅಳು ಬಂದು ಮಾತು ನಿಂತಾಗ, ಬೆರಳು ಕೀಲಿಗಳ ಮೇಲಿಟ್ಟುಕೊಂಡೇ ಕಾದಳು. ಆ ಕಾಯುವಿಕೆಯನ್ನು ನೆನೆದೇ ಸುಮೇಧಾ ಈ ಕೆಲಸ ಕಲಿತಿದ್ದು.

ಈಗ ಸುಮ್ಮನಿರುವುದು ಸುಲಭವಿತ್ತು. 'ಬೇರೆ ಭಾಷೆಯಲ್ಲಿ ಮಾತು' ಎಂದು ಒಂದು ಸಾಲು ಹಾಕಿದ್ದರೆ ಮುಗಿಯುತ್ತಿತ್ತು. ಬಾಯಿ ತೆರೆದರೆ, ತನ್ನನ್ನು ಕರೆಸಿದ್ದ ದುಷ್ಯಂತನ ವಕೀಲರು ಮತ್ತೆ ಕರೆಯುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ಅವಳು ಕೈ ಎತ್ತಿದಳು.

"ಕ್ಷಮಿಸಿ. ಉತ್ತರಕ್ಕೆ ಮೊದಲು ದುಷ್ಯಂತ್ ಅವರು ಸಾಕ್ಷಿಗೆ ಏನೋ ಹೇಳಿದರು. ಅದು ಕನ್ನಡ. ನನ್ನ ಭಾಷೆಯೂ ಅದೇ. ಅರ್ಥ ಹೇಳುವ ಅಧಿಕಾರ ನನಗಿಲ್ಲ. ಆದರೆ ಅಷ್ಟೂ ಸದ್ದು ಇಲ್ಲಿ ದಾಖಲಾಗಿದೆ. ಅನುವಾದಕರನ್ನು ಕರೆಸಿ ಕೇಳಿಸಿಕೊಳ್ಳಿ."

ದುಷ್ಯಂತನ ಲೋಟ ಮೇಜಿಗೆ ತಾಗಿ ನೀರು ಚೆಲ್ಲಿತು. "ಏನ್ರೀ, ನೀವು ಕನ್ನಡದವರಾ? ಮೊದ್ಲೇ ಹೇಳ್ಬಾರ್ದಾ?"

ಸುಮೇಧಾ ಅದನ್ನೂ ಬರೆದುಕೊಂಡಳು.

ಅವನ ವಕೀಲರು ಕೆಂಪಗಾದರು. ಈಕೆ ಪಕ್ಷಪಾತಿ, ಬದಲಾಯಿಸಿ ಎಂದರು. "ಬದಲಾಯಿಸಿ, ನನ್ನ ಅಡ್ಡಿ ಇಲ್ಲ," ಎಂದಳು ಸುಮೇಧಾ. "ಇಲ್ಲಿಯವರೆಗಿನದು ಮಾತ್ರ ಅಳಿಸಲಾಗದು."

ಶ್ರಾವಣಿಯ ವಕೀಲೆ ಅವಳ ಭುಜ ಹಿಡಿದು, "ಅವನು ಏನೆಂದ?" ಎಂದು ಕೇಳಿದಳು. ಶ್ರಾವಣಿ ಬಹಳ ಹೊತ್ತು ಮೇಜನ್ನೇ ನೋಡಿದಳು. ಸುಮೇಧಾ ಬೆರಳುಗಳನ್ನು ಕೀಲಿಗಳ ಮೇಲಿಟ್ಟು ಕಾದಳು. ಕೊನೆಗೆ ಶ್ರಾವಣಿ ತಲೆಯೆತ್ತಿ, ಗಂಡನನ್ನು ನೋಡುತ್ತಲೇ, ಪಾಸ್‌ಪೋರ್ಟಿನ ಮಾತನ್ನೂ ಮಗಳ ಮಾತನ್ನೂ ಇಂಗ್ಲಿಷಿನಲ್ಲಿ ಹೇಳಿದಳು. "ನಾನಾಗಿ ಬಿಟ್ಟು ಹೋಗಲಿಲ್ಲ. ಹೊರಗೆ ಹಾಕಿದ್ದು ಅವನೇ," ಎಂದಳು.

ಹೇಳಿಕೆ ಅಲ್ಲಿಗೆ ನಿಂತಿತು. ಮಗುವನ್ನು ದೇಶದ ಹೊರಗೆ ಕರೆದೊಯ್ಯದಂತೆ ಆದೇಶ ಕೊಡಬೇಕೆಂದು ಇವತ್ತೇ ನ್ಯಾಯಾಧೀಶರನ್ನು ಕೇಳುತ್ತೇನೆಂದು ವಕೀಲೆ ಫೋನ್ ಹಿಡಿದು ಹೊರಗೆ ನಡೆದಳು.

ಪಾರ್ಕಿಂಗಿನಲ್ಲಿ ಸುಮೇಧಾ ಯಂತ್ರವನ್ನು ಕಾರಿಗಿಡುತ್ತಿದ್ದಾಗ ಶ್ರಾವಣಿ ಹತ್ತಿರ ಬಂದಳು.

"ಅಕ್ಕಾ..."

"ಮಾತಾಡಬಾರ್ದಮ್ಮ ನಾವು. ನಿಮ್ಮ ಕೇಸಿಗೇ ತೊಂದ್ರೆ."

"ಸರಿ. ಸ್ಕೂಲಿಗೆ ಹೋಗ್ತಿದ್ದೀನಿ, ಅಷ್ಟೇ. ಅನಿಕಾನ ಅವನಿಗಿಂತ ಮೊದ್ಲು ನಾನೇ ಕರ್ಕೊಂಡ್ ಬರ್ತೀನಿ."

ಸುಮೇಧಾ ತಲೆಯಾಡಿಸಿದಳು. ಕಾರಿನೊಳಗೆ ಕೂತಾಗ, ಅವಳಿಗೆ ಕೆಲಸ ಹಂಚುವ ಏಜೆನ್ಸಿಯಿಂದ ಫೋನ್ ಬಂತು. ಆ ವಕೀಲರ ಕಚೇರಿಗೆ ಇನ್ನು ಅವಳನ್ನು ಕಳಿಸುವುದಿಲ್ಲವಂತೆ. "ಆಸ್ಟಿನ್ನಿನಲ್ಲಿ ನಾಳೆ ಏನಾದರೂ ಇದ್ದರೆ ಹಾಕಿ," ಎಂದಳು. "ದೂರ ಆದ್ರೂ ಡ್ರೈವ್ ಮಾಡ್ಕೊಂಡು ಹೋಗ್ತೀನಿ."

ಎದುರಿನ ರಸ್ತೆಯಲ್ಲಿ ಶ್ರಾವಣಿಯ ಕಾರು ಹೆದ್ದಾರಿ ಸೇರಲು ಇಂಡಿಕೇಟರ್ ಮಿನುಗಿಸುತ್ತ ನಿಂತಿತ್ತು. ಲಾರಿಗಳು ಒಂದರ ಹಿಂದೊಂದು ಹಾದುಹೋದವು. ಒಂದು ಸಣ್ಣ ಸಂದು ಕಂಡಿತು. ಕಾರು ನುಗ್ಗಿ ಸಾಲು ಸೇರಿತು.